ತೋಟೆಗೆ ಮದ್ದು ತುಂಬುವ ಹವ್ಯಾಸ: ಊರಿನ ರೂಢಿ, ಚೆನ್ನೈಯ ಕಾನೂನು

ಚೆನ್ನೈ: ಹೊಡೆದು ಖಾಲಿಯಾದ ತೋಟೆಗೆ ಮತ್ತೆ ಮದ್ದು, ಗುಂಡು ತುಂಬಿ ಗುರಿ ಅಭ್ಯಾಸಕ್ಕೆ ಬಳಸುವುದು ಅಮೆರಿಕದಲ್ಲಿ ಒಂದು ಜನಪ್ರಿಯ ಹವ್ಯಾಸ. ರೀಲೋಡಿಂಗ್ ಎಂದು ಅದಕ್ಕೆ ಹೆಸರು. ಕೊಡಗು ಮತ್ತು ಮಲೆನಾಡಿನ ಎಷ್ಟೋ ಮನೆಗಳಲ್ಲಿ ಒಂದು ಕಾಲಕ್ಕೆ ಅದು ಹವ್ಯಾಸವಾಗಿರಲಿಲ್ಲ, ಮನೆಗೆಲಸವಾಗಿತ್ತು. ಅದೇ ಕೆಲಸವನ್ನು ಚೆನ್ನೈಯಲ್ಲಿ ನೆಲೆಸಿದ ಕನ್ನಡಿಗರೊಬ್ಬರು ತಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುಳಿತು ಮಾಡಹೊರಟರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾದೀತು. ಈ ವ್ಯತ್ಯಾಸವನ್ನು ತಿಳಿದುಕೊಳ್ಳುವುದು ಇಂದು ಅಗತ್ಯ. ಏಕೆಂದರೆ ಶೂಟಿಂಗ್ ಕ್ರೀಡೆಯತ್ತ ಮಕ್ಕಳ ಗಮನ ಹರಿದಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಈ ಒಂದೇ ಕ್ರೀಡೆಯಿಂದ 3 ಕಂಚಿನ ಪದಕಗಳು ಬಂದವು. ಊರಿನ ಕೋವಿಯ ನೆನಪು ಒಂದು ಕಡೆ, ಕಂಪ್ಯೂಟರಿನಲ್ಲಿ ಕಾಣುವ ಅಮೆರಿಕದ ಹವ್ಯಾಸಿಗಳ ದೃಶ್ಯ ಇನ್ನೊಂದು ಕಡೆ. ಎರಡೂ ಸೇರಿದಾಗ ‘ನಾವೂ ಏಕೆ ಮಾಡಬಾರದು?’ ಎಂಬ ಪ್ರಶ್ನೆ ಮೂಡುವುದು ಸಹಜ. ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ ಇಲ್ಲಿದೆ.

ಕೋವಿಗೆ ಪೂಜೆ ಸಲ್ಲಿಸುವ ನಾಡು

ಕೋವಿಯ ಮಾತು ಬಂದಾಗ ಮೊದಲು ನೆನಪಾಗುವುದು ಕೊಡಗು. ಅಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವುದು ವಾಡಿಕೆ. ಹುತ್ತರಿಯಲ್ಲಿ ಕದಿರು ತೆಗೆಯುವಾಗಲೂ ಗುಂಡಿನ ಸದ್ದು ಕೇಳಲೇಬೇಕು. ಸೆಪ್ಟೆಂಬರ್ ತಿಂಗಳಿನಲ್ಲಿ, ನಾಟಿ ಕೆಲಸ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಅಥವಾ ಕೈಲ್ ಮುಹೂರ್ತ ಆಯುಧಗಳ ಹಬ್ಬ. ಮನೆಯ ಕೋವಿ, ಒಡಿಕತ್ತಿಗಳನ್ನು ಒರೆಸಿ ದೇವರ ಕೋಣೆಯಲ್ಲಿ ಇಟ್ಟು, ತೋಕ್ ಪೂ ಎಂಬ ಕೆಂಪು–ಹಳದಿ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಪೂಜೆ, ಊಟ ಮುಗಿದ ಮೇಲೆ ಊರಿನವರು ಮೈದಾನದಲ್ಲಿ ಸೇರಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಗುರಿ ಹೊಡೆಯುವುದು ನಮ್ಮವರಿಗೆ ಹೊಸ ಆಟವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಚೆನ್ನೈ ಕನ್ನಡಿಗರಿಗೆ ಇಲ್ಲೊಂದು ಸ್ವಾರಸ್ಯದ ಸಂಗತಿ ಇದೆ. ತೋಕ್ ಎಂದರೆ ಕೊಡವ ಭಾಷೆಯಲ್ಲಿ ಕೋವಿ. ತೋಕ್ ಪೂ ಎಂದರೆ ಕೋವಿಯ ಹೂವು. ಕನ್ನಡದಲ್ಲಿ ಅಗ್ನಿಶಿಖೆ ಎನ್ನುವ ಈ ಹೂವನ್ನೇ ತಮಿಳರು ಸೆಂಗಾಂದಳ್ ಎನ್ನುತ್ತಾರೆ. ಅದು ತಮಿಳುನಾಡಿನ ರಾಜ್ಯ ಪುಷ್ಪ. ಅಲ್ಲಿ ಕೋವಿಯ ನಳಿಗೆಗೆ ಸಿಕ್ಕಿಸುವ ಹೂವಿಗೆ ಇಲ್ಲಿ ಸರ್ಕಾರವೇ ಗೌರವ ಕೊಟ್ಟಿದೆ!

ಕೊಡವರಿಗೆ ಕೋವಿಯ ಲೈಸೆನ್ಸ್‌ನಿಂದ ವಿನಾಯಿತಿ ಸಿಕ್ಕಿದ್ದು ಬ್ರಿಟಿಷರ ಕಾಲದಲ್ಲಿ. 1857ರ ದಂಗೆಯ ಬಳಿಕ ದೇಶದೆಲ್ಲೆಡೆ ಜನರಿಂದ ಆಯುಧ ಕಸಿಯುವ ಕಾನೂನು ಬಂದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರ ಫೆಬ್ರುವರಿಯಲ್ಲಿ ಕೊಡವರನ್ನು ಅದರಿಂದ ಹೊರಗಿಟ್ಟರು. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟವರು ಇವರೇ. ಸ್ವಾತಂತ್ರ್ಯಾನಂತರವೂ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಈ ವಿನಾಯಿತಿ ಮುಂದುವರಿಯಿತು. ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರಿನಲ್ಲಿ ಅದನ್ನು 10 ವರ್ಷಗಳಿಗೆ, ಅಂದರೆ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿ ಸಲ್ಲಿಕೆಯಾದ ಅರ್ಜಿಯ ವಿಚಾರಣೆ ನಡೆಸಿದ ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ಮದ್ದು, ಚರೆ, ಕೇಪು

ಕೊಡಗಿನ ಹೊರಗೆ ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಕಾಸರಗೋಡಿನ ಕಡೆಯ ಕೃಷಿಕರ ಮನೆಗಳಲ್ಲೂ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಗಳಿವೆ. ಇವುಗಳಲ್ಲಿ ಎರಡು ಬಗೆ. ಒಂದು ಕೇಪಿನ ಕೋವಿ, ಇನ್ನೊಂದು ತೋಟೆ ಕೋವಿ. ಪೂರ್ಣಚಂದ್ರ ತೇಜಸ್ವಿಯವರ ಕಾಡಿನ ಬರಹಗಳನ್ನು ಓದಿದವರಿಗೆ ಈಡು, ಚರೆ, ತೋಟೆ, ನಳಿಗೆ ಎಂಬ ಮಾತುಗಳು ಹೊಸತೇನಲ್ಲ.

ಕೇಪಿನ ಕೋವಿಯಲ್ಲಿ ತೋಟೆಯೇ ಇಲ್ಲ. ನಳಿಗೆಯ ಬಾಯಿಂದ ಕರಿ ಮದ್ದು ಸುರಿದು, ಮೇಲೆ ನಾರು ಅಥವಾ ಬಟ್ಟೆಯ ಉಂಡೆ ಹಾಕಿ ಸರಳಿನಿಂದ ಜಡಿದು, ಚರೆ ಹಾಕಿ, ಅದು ಉರುಳಿ ಹೊರಗೆ ಬಾರದಂತೆ ಮತ್ತೆ ಜಡಿದು, ಕೊನೆಗೆ ಹಿಂಬದಿಯ ಮೊಳೆಯ ಮೇಲೆ ಪುಟ್ಟ ತಾಮ್ರದ ಕೇಪು ಕೂರಿಸಬೇಕು. ಕುದುರೆ ಬಿದ್ದು ಕೇಪು ಸಿಡಿದಾಗ ಅದರ ಕಿಡಿ ಒಳಗಿನ ಮದ್ದಿಗೆ ತಗಲುತ್ತದೆ. ಅಂದರೆ ಪ್ರತಿಯೊಂದು ಈಡನ್ನೂ ಹೊಡೆಯುವವನೇ ತನ್ನ ಕೈಯಾರೆ ಕಟ್ಟಬೇಕು. ಮದ್ದು ಕಡಿಮೆಯಾದರೆ ಚರೆ ಮುಂದೆ ಬೀಳುತ್ತದೆ, ಹೆಚ್ಚಾದರೆ ನಳಿಗೆ ಒಡೆದು ಮುಖಕ್ಕೆ ಬಡಿಯುತ್ತದೆ. ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿಯದಂತೆ ಇಡುವುದೂ ಒಂದು ವಿದ್ಯೆಯೇ. ಮನೆಯ ಹಿರಿಯರಲ್ಲಿ ಒಬ್ಬರ ಕೈಗೆ ಮಾತ್ರ ಈ ಕೆಲಸ ಮೀಸಲಾಗಿರುತ್ತಿದ್ದುದು ಇದೇ ಕಾರಣಕ್ಕೆ.

ತೋಟೆ ಕೋವಿ ಬಂದ ಮೇಲೆ ಈ ಶ್ರಮ ತಗ್ಗಿತು. ಮದ್ದು, ಚರೆ, ಕೇಪು ಮೂರೂ ಒಂದೇ ಕೊಳವೆಯಲ್ಲಿ ಸಿದ್ಧವಾಗಿ ಅಂಗಡಿಯಲ್ಲಿ ಸಿಗತೊಡಗಿದವು. ಪುಣೆಯ ಖಡ್ಕಿ ಕಾರ್ಖಾನೆಯ ‘ಶಕ್ತಿಮಾನ್’ ತೋಟೆ ನಮ್ಮ ಕಡೆಯ ಪ್ಲಾಂಟರುಗಳಿಗೂ ಕೃಷಿಕರಿಗೂ ಪರಿಚಿತ. ಆದರೆ ಹಿತ್ತಾಳೆಯ ತೋಟೆಗಳನ್ನು ಬಿಸಾಡಲು ಹಳಬರಿಗೆ ಮನಸ್ಸು ಬರುತ್ತಿರಲಿಲ್ಲ. ಹೊಸ ಕೇಪು ಕೂರಿಸಿ, ಮದ್ದು ಚರೆ ಹಾಕಿ ಮತ್ತೆ ಬಳಸುತ್ತಿದ್ದರು. ಅಮೆರಿಕದವರು ಇಂದು ರೀಲೋಡಿಂಗ್ ಎನ್ನುವುದು ಮೂಲತಃ ಇದನ್ನೇ.

ಈ ಚೆನ್ನೈಗೂ ಮದ್ದಿನ ನಂಟು ಹಳೆಯದು. ಪುಳಿಯಾಂತೋಪಿನ ಪೌಡರ್ ಮಿಲ್ಸ್ ರಸ್ತೆಯ ಹೆಸರು ಹಳೆಯ ಮದ್ದಿನ ಗಿರಣಿಯನ್ನು ನೆನಪಿಸುತ್ತದೆ. ಹೊಗೆಯಿಲ್ಲದ ಮದ್ದು ತಯಾರಿಸುವ ಅರುವಂಕಾಡಿನ ಕಾರ್ಡೈಟ್ ಕಾರ್ಖಾನೆ ಇದೇ ರಾಜ್ಯದ ನೀಲಗಿರಿಯಲ್ಲಿ, ಊಟಿ ರೈಲಿನ ದಾರಿಯಲ್ಲೇ ಇದೆ.

ಮರಳಿ ತುಂಬುವ ಕೆಲಸ ಎಂದರೇನು?

ರೈಫಲ್ ಅಥವಾ ಪಿಸ್ತೂಲಿನ ಒಂದು ತೋಟೆಯಲ್ಲಿ 4 ಭಾಗಗಳಿವೆ. ಹಿತ್ತಾಳೆಯ ಕವಚ, ಅದರ ತಳದಲ್ಲಿರುವ ಕೇಪು, ಒಳಗಿನ ಮದ್ದು, ತುದಿಯಲ್ಲಿ ಗುಂಡು. ಹೊಡೆದಾಗ ಕೇಪು, ಮದ್ದು, ಗುಂಡು ಮೂರೂ ಖರ್ಚಾಗುತ್ತವೆ. ಕವಚ ಮಾತ್ರ ಉಳಿಯುತ್ತದೆ. ಹಿತ್ತಾಳೆಯೇ ತೋಟೆಯ ದುಬಾರಿ ಭಾಗ. ಆದ್ದರಿಂದ ಅದನ್ನು ಉಳಿಸಿಕೊಂಡು ಉಳಿದ ಮೂರನ್ನು ಹೊಸದಾಗಿ ಹಾಕಿದರೆ ಖರ್ಚು ತಗ್ಗುತ್ತದೆ ಎಂಬುದು ಮೊದಲ ಲೆಕ್ಕಾಚಾರ.

ಆದರೆ ಬಹಳ ಮಂದಿ ಹವ್ಯಾಸಿಗಳನ್ನು ಹಿಡಿದಿಡುವುದು ಉಳಿತಾಯವಲ್ಲ, ನಿಖರತೆ. ಒಂದು ಗುಂಡು ಹೋದ ಜಾಗಕ್ಕೇ ಮುಂದಿನ ಗುಂಡೂ ಹೋಗಬೇಕಾದರೆ ಎರಡು ತೋಟೆಗಳೂ ಒಂದೇ ಸಮನಾಗಿರಬೇಕು. ಹವ್ಯಾಸಿಯಾದವನು ಕವಚಗಳನ್ನು ತೊಳೆದು, ಸೀಳು ಬಿಟ್ಟಿದೆಯೇ ಎಂದು ಒಂದೊಂದಾಗಿ ನೋಡುತ್ತಾನೆ. ಹೊಡೆದಾಗ ಉಬ್ಬಿದ ಕವಚವನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರುತ್ತಾನೆ. ಮದ್ದನ್ನು ಅಕ್ಕಸಾಲಿಗನಂತೆ ತೂಗುತ್ತಾನೆ. ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತಾನೆ. ಮದ್ದಿನ ಪ್ರಮಾಣವನ್ನು ಅಂದಾಜಿನಲ್ಲಿ ಹಾಕುವಂತಿಲ್ಲ. ಅದಕ್ಕೆ ತಯಾರಕರೇ ಪ್ರಕಟಿಸುವ ಕೈಪಿಡಿಗಳಿವೆ.

ಅಪಾಯವೂ ಇಲ್ಲೇ ಇದೆ. ಒಂದೇ ತೋಟೆಗೆ ಎರಡು ಬಾರಿ ಮದ್ದು ಬಿದ್ದರೆ ಬಂದೂಕೇ ಸಿಡಿಯಬಹುದು. ಕರಿ ಮದ್ದು ಬೇರೆ, ಹೊಗೆಯಿಲ್ಲದ ಮದ್ದು ಬೇರೆ. ಒಂದರ ಅಳತೆಯನ್ನು ಇನ್ನೊಂದಕ್ಕೆ ಬಳಸಿದರೆ ಅನಾಹುತ ತಪ್ಪಿದ್ದಲ್ಲ. ಕರಿ ಮದ್ದು ಒಂದು ಕಿಡಿಗೆ, ತಿಕ್ಕಾಟಕ್ಕೆ ಹೊತ್ತಿಕೊಳ್ಳುತ್ತದೆ. ಶಿವಕಾಶಿಯ ಪಟಾಕಿ ದುರಂತಗಳ ಸುದ್ದಿಯನ್ನು ಮತ್ತೆ ಮತ್ತೆ ಓದುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀಸದ ಗುಂಡು, ಚರೆ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಊಟಕ್ಕೆ ಕೂರಬಾರದು, ಏಕೆಂದರೆ ಸೀಸ ವಿಷ. ಪಕ್ಕದಲ್ಲೇ ಅಡುಗೆಯ ಗ್ಯಾಸ್ ಉರಿಯುವ, ಮಕ್ಕಳು ಓಡಾಡುವ 2 ಕೋಣೆಗಳ ಮನೆ ಇಂತಹ ಕೆಲಸಕ್ಕೆ ತಕ್ಕ ಜಾಗವಲ್ಲ ಎಂಬುದನ್ನು ಕಾನೂನಿಗಿಂತ ಮೊದಲು ವಿವೇಕವೇ ಹೇಳುತ್ತದೆ.

ಯಾವ ಸ್ಪರ್ಧೆಗೆ ಇದರ ಉಪಯೋಗ?

ಹೊಸಬರು ಗಮನಿಸಬೇಕಾದ ಮುಖ್ಯ ವಿಷಯ ಇದು. ನಮ್ಮ ದೇಶದಲ್ಲಿ ಗುರಿ ಹೊಡೆಯುವ ಕ್ರೀಡೆಗೆ ಇಳಿಯುವ ಹೆಚ್ಚಿನವರಿಗೆ ತೋಟೆ ಮರಳಿ ತುಂಬುವ ಪ್ರಸಂಗವೇ ಬರುವುದಿಲ್ಲ.

10 ಮೀಟರ್ ಏರ್ ರೈಫಲ್ ಮತ್ತು ಏರ್ ಪಿಸ್ತೂಲ್ ಸ್ಪರ್ಧೆಗಳಲ್ಲಿ ಮದ್ದೇ ಇಲ್ಲ. ಒತ್ತಿದ ಗಾಳಿಯ ಬಲದಿಂದ 4.5 ಮಿಲಿಮೀಟರ್ ದಪ್ಪದ ಸೀಸದ ಪೆಲೆಟ್ ಹಾರುತ್ತದೆ. 25 ಮತ್ತು 50 ಮೀಟರ್ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಬಳಸುವುದು ಪಾಯಿಂಟ್ 22 ತೋಟೆ. ಅದರಲ್ಲಿ ಕೇಪು ಬೇರೆಯಾಗಿರುವುದಿಲ್ಲ. ಸಿಡಿಯುವ ಪದಾರ್ಥವನ್ನು ಕವಚದ ತಳದ ಅಂಚಿನೊಳಗೇ ತುಂಬಿರುತ್ತಾರೆ. ಸುತ್ತಿಗೆ ಬಡಿದಾಗ ಆ ಅಂಚು ನಜ್ಜುಗುಜ್ಜಾಗುವುದರಿಂದ ಅದು ಮರುಬಳಕೆಗೆ ಯೋಗ್ಯವಲ್ಲ. ಈ ವಿಭಾಗದ ಒಳ್ಳೆಯ ಶೂಟರುಗಳು ಬೇರೆ ದಾರಿ ಕಂಡುಕೊಂಡಿದ್ದಾರೆ. ಒಂದೇ ಕಂಪನಿಯ ತೋಟೆಗಳಲ್ಲಿ ಬೇರೆ ಬೇರೆ ಬ್ಯಾಚಿನವನ್ನು ತಮ್ಮ ಬಂದೂಕಿನಿಂದಲೇ ಹೊಡೆದು ನೋಡಿ, ಯಾವ ಬ್ಯಾಚು ಒತ್ತೊತ್ತಾಗಿ ಬೀಳುತ್ತದೋ ಅದನ್ನೇ ಆರಿಸಿಕೊಳ್ಳುತ್ತಾರೆ.

ಇನ್ನುಳಿದದ್ದು ಟ್ರ್ಯಾಪ್ ಮತ್ತು ಸ್ಕೀಟ್. ಹಾರುವ ಮಣ್ಣಿನ ಬಿಲ್ಲೆಯನ್ನು 12 ಬೋರಿನ ಬಂದೂಕಿನಿಂದ ಹೊಡೆಯುವ ಆಟಗಳಿವು. ನಿಯಮದ ಪ್ರಕಾರ ಒಂದು ತೋಟೆಯಲ್ಲಿ ಸುಮಾರು 24 ಗ್ರಾಂ ಚರೆ ಮಾತ್ರ ಇರಬಹುದು. ಟ್ರ್ಯಾಪ್ ಅರ್ಹತಾ ಸುತ್ತಿನಲ್ಲಿ 125 ಬಿಲ್ಲೆಗಳು, ಪ್ರತಿ ಬಿಲ್ಲೆಗೆ 2 ಈಡುಗಳ ಅವಕಾಶ. ಹಾಗಾಗಿ ಒಂದೇ ಸ್ಪರ್ಧೆಗೆ 250 ತೋಟೆಗಳವರೆಗೆ ಬೇಕಾಗಬಹುದು. ಅಭ್ಯಾಸಕ್ಕೆ ಬೇಕಾಗುವುದು ಅದರ ಹತ್ತಾರು ಪಟ್ಟು. ಖರ್ಚು ತಗ್ಗಿಸಲು ಮರಳಿ ತುಂಬುವ ಯೋಚನೆ ಬರುವುದು ಇಂತಹ ಆಟಗಾರರಿಗೆ, ಮತ್ತು ಸೆಂಟರ್ ಫೈರ್ ಪಿಸ್ತೂಲ್, ದೊಡ್ಡ ರೈಫಲ್ ಬಳಸುವ ಕೆಲವೇ ಮಂದಿಗೆ.

ಕಾನೂನು ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ‘ಮದ್ದುಗುಂಡು’ ಎಂಬುದರ ಅರ್ಥ ಬಹಳ ವಿಶಾಲವಾಗಿದೆ. ಸಿದ್ಧ ತೋಟೆ ಮಾತ್ರವಲ್ಲ, ತೋಟೆಯ ಬಿಡಿಭಾಗಗಳು ಮತ್ತು ತೋಟೆ ತಯಾರಿಸುವ ಯಂತ್ರ ಕೂಡ ಆ ಅರ್ಥದೊಳಗೆ ಬರುತ್ತವೆ. ಆದ್ದರಿಂದ ವಿದೇಶದಲ್ಲಿರುವ ಮಗನೋ ಅಳಿಯನೋ ಪ್ರೀತಿಯಿಂದ ತಂದುಕೊಟ್ಟ ರೀಲೋಡಿಂಗ್ ಯಂತ್ರವೂ ಇಲ್ಲಿ ಬರೀ ಆಟದ ಸಾಮಾನು ಎನಿಸಿಕೊಳ್ಳುವುದಿಲ್ಲ.

ಕಾಯ್ದೆಯ 3ನೆಯ ಸೆಕ್ಷನ್ ಬಂದೂಕು ಮತ್ತು ಮದ್ದುಗುಂಡು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. 5ನೆಯ ಸೆಕ್ಷನ್ ತಯಾರಿಕೆ, ಮಾರಾಟ, ದುರಸ್ತಿಗೆ ಸಂಬಂಧಿಸಿದ್ದು. ಎರಡಕ್ಕೂ ಪ್ರತ್ಯೇಕ ಅನುಮತಿ ಬೇಕು. ಮನೆಯಲ್ಲಿ ಬಂದೂಕಿನ ಲೈಸೆನ್ಸ್ ಪುಸ್ತಕ ಇದೆ ಎಂದ ಮಾತ್ರಕ್ಕೆ ತೋಟೆ ತುಂಬಲು ಅಪ್ಪಣೆ ಸಿಕ್ಕಿತೆಂದು ತಿಳಿಯಬಾರದು. ಯಾವ ಬಂದೂಕು, ಎಷ್ಟು ತೋಟೆ, ಯಾವ ಪ್ರದೇಶದಲ್ಲಿ ಎಂಬುದೆಲ್ಲ ಆ ಪುಸ್ತಕದಲ್ಲೇ ನಮೂದಾಗಿರುತ್ತದೆ. ಖಾಲಿ ತೋಟೆಗೆ ಮದ್ದು ತುಂಬುವುದು ತಯಾರಿಕೆಯಲ್ಲ ಎಂದು ನಾವೇ ತೀರ್ಮಾನಿಸಿಕೊಂಡು ಮುಂದುವರಿಯುವುದು ದೊಡ್ಡ ಅಪಾಯ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆವಾಸದ ಶಿಕ್ಷೆಯಿದೆ. ಮದ್ದಿನ ಸಂಗ್ರಹಕ್ಕೆ ಸ್ಫೋಟಕಗಳ ಕಾನೂನು ಬೇರೆಯೇ ಇದೆ.

ಕೊಡಗಿನ ವಿನಾಯಿತಿಯ ಬಗ್ಗೆಯೂ ಒಂದು ಎಚ್ಚರಿಕೆಯ ಮಾತು. ಆ ವಿನಾಯಿತಿ ಇರುವುದು ಕಾಯ್ದೆಯ 3 ಮತ್ತು 4ನೆಯ ಸೆಕ್ಷನ್‌ಗಳಿಂದ ಮಾತ್ರ. ತಯಾರಿಕೆಗೆ ಸಂಬಂಧಿಸಿದ 5ನೆಯ ಸೆಕ್ಷನ್ ಅದರಲ್ಲಿ ಸೇರಿಲ್ಲ. ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಪ್ರಯಾಣ ಮಾಡುವಾಗ ಜೊತೆಯಲ್ಲಿ ಎಷ್ಟು ಇರಬಹುದು ಎಂಬುದಕ್ಕೂ ಮಿತಿ ಉಂಟು. 1960ರ ದಶಕದ ಅಧಿಸೂಚನೆ ಅದನ್ನು ಒಂದು ರೈಫಲ್ ಮತ್ತು 100 ತೋಟೆ, ಒಂದು ನಯ ನಳಿಗೆಯ ಕೋವಿ ಮತ್ತು 500 ತೋಟೆ ಅಥವಾ ಅಷ್ಟಕ್ಕೆ ಸಮನಾದ ಚರೆ ಮತ್ತು ಮದ್ದು ಎಂದು ಹೇಳಿತ್ತು. ‘ಸಮನಾದ ಚರೆ ಮತ್ತು ಮದ್ದು’ ಎಂಬ ಮಾತು ಕೇಪಿನ ಕೋವಿಯ ಕಾಲದ ಗುರುತು. ಆದರೆ ಚೆನ್ನೈಯ ಠಾಣೆಯ ಅಧಿಕಾರಿಗೆ ಕೊಡಗಿನ ಇತಿಹಾಸ ತಿಳಿದಿರಬೇಕೆಂದಿಲ್ಲ. ಕೊಡಗು ಜಿಲ್ಲಾಧಿಕಾರಿ ಕಚೇರಿಯ ವಿನಾಯಿತಿ ಪತ್ರ, ಅಧಿಸೂಚನೆಯ ಪ್ರತಿ ಕೈಯಲ್ಲಿಲ್ಲದೆ ಕೋವಿಯನ್ನು ಗಡಿ ದಾಟಿಸುವುದು ಜಾಣತನವಲ್ಲ.

ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದರೆ

ಹವ್ಯಾಸದ ಆಸೆಯೇ ಇಲ್ಲದವರನ್ನೂ ಈ ಕಾನೂನು ಮುಟ್ಟುತ್ತದೆ. ಊರಿನ ಮನೆಯನ್ನು ಮಾರಿ ಅಥವಾ ಪಾಲು ಮಾಡಿ ಸಾಮಾನುಗಳನ್ನು ಚೆನ್ನೈಗೆ ಸಾಗಿಸುವ ಕುಟುಂಬಗಳು ಅಜ್ಜನ ಮರದ ಪೆಟ್ಟಿಗೆಯನ್ನು ಬಿಚ್ಚಿ ನೋಡದೆ ಲಾರಿಗೆ ಏರಿಸುವುದುಂಟು. ಅದರೊಳಗೆ ಕೆಲವು ಹಿತ್ತಾಳೆ ತೋಟೆ, ಒಂದು ಡಬ್ಬಿ ಕೇಪು, ಚರೆಯ ಚೀಲ, ತೋಟೆ ತುಂಬುವ ಹಳೆಯ ಕೈಯಂತ್ರ ಇದ್ದರೆ?

ಕಾನೂನು ಇಲ್ಲಿ ಪೂರ್ತಿ ಕಠೋರವಾಗಿಲ್ಲ. ಕಾಯ್ದೆಯ 45ನೆಯ ಸೆಕ್ಷನ್ ಪ್ರಕಾರ, ಬಂದೂಕಿನ ಅಥವಾ ಮದ್ದುಗುಂಡಿನ ಸಣ್ಣ ಬಿಡಿಭಾಗವನ್ನು ಅದರ ಜೊತೆಭಾಗಗಳೊಂದಿಗೆ ಸೇರಿಸಿ ಬಳಸುವ ಉದ್ದೇಶವಿಲ್ಲದೆ ಇಟ್ಟುಕೊಂಡಿದ್ದರೆ ಅದು ಅಪರಾಧವಲ್ಲ. ಷೋಕೇಸಿನಲ್ಲಿ ನೆನಪಿಗೆಂದು ಇಟ್ಟ ಒಂದು ಖಾಲಿ ತೋಟೆಗೂ, ಅದರ ಪಕ್ಕದಲ್ಲೇ ಕೇಪು, ಮದ್ದು, ಯಂತ್ರ ಜೋಡಿಸಿಟ್ಟ ಮೇಜಿಗೂ ಇರುವ ವ್ಯತ್ಯಾಸ ಇದೇ. ಮೊದಲನೆಯದು ನೆನಪಿನ ಕಾಣಿಕೆ, ಎರಡನೆಯದು ಉದ್ದೇಶದ ಸಾಕ್ಷಿ. ಅಲ್ಲದೆ 1972ರ ಗುಣವಂತ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಸ್ತು ತನ್ನ ವಶದಲ್ಲಿದೆ ಎಂಬ ಅರಿವು ಇದ್ದಾಗ ಮಾತ್ರ ಅದು ಕಾಯ್ದೆಯ ಅರ್ಥದಲ್ಲಿ ‘ಸ್ವಾಧೀನ’ವಾಗುತ್ತದೆ ಎಂದು ಹೇಳಿದೆ. ಆದರೆ ಅರಿವಿರಲಿಲ್ಲ ಎಂದು ಸಾಬೀತುಪಡಿಸಲು ವಕೀಲರ ಮನೆಗೆ, ಕೋರ್ಟಿಗೆ ಅಲೆಯುವ ಕಷ್ಟ ಅನುಭವಿಸಿದವರಿಗೇ ಗೊತ್ತು. ವಿಮಾನ ಹತ್ತುವ ಮುನ್ನ ಹಳೆಯ ಬ್ಯಾಗಿನ ಮೂಲೆಮೂಲೆಯನ್ನೂ ತಡಕಿ ನೋಡುವುದು ಇದಕ್ಕಿಂತ ಸುಲಭ.

ಲೈಸೆನ್ಸ್ ಹೊಂದಿದ ಹಿರಿಯರು ತೀರಿಕೊಂಡಾಗ ವಾರಸುದಾರರು ಮಾಡಬೇಕಾದ್ದು ಸ್ಪಷ್ಟವಾಗಿದೆ. 21ನೆಯ ಸೆಕ್ಷನ್ ಪ್ರಕಾರ ಬಂದೂಕು ಮತ್ತು ತೋಟೆಗಳನ್ನು ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಪಡೆದ ಬಂದೂಕಿನ ಅಂಗಡಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಆಮೇಲೆ ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು, ಇಲ್ಲವೇ ಮಾರಬಹುದು. ಹದಿಮೂರನೆಯ ದಿನದ ಕಾರ್ಯಕ್ಕೆ ಊರಿಗೆ ಹೋದಾಗಲೇ, ಊರಿನ ಠಾಣೆಯಲ್ಲೇ ಈ ಕೆಲಸವನ್ನೂ ಮುಗಿಸಿ ಬರುವುದು ಮೇಲು. ಪೆಟ್ಟಿಗೆಯಲ್ಲಿ ಹಳೆಯ ಮದ್ದು ಕಂಡರೆ ಅದನ್ನು ಕಾರಿನಲ್ಲಿ ಸಾಗಿಸುವುದಾಗಲಿ, ಬೆಂಕಿಗೆ ಹಾಕುವುದಾಗಲಿ ಕೂಡದು. ಇದ್ದಲ್ಲಿಯೇ ಬಿಟ್ಟು ಪೊಲೀಸರಿಗೆ ತಿಳಿಸಬೇಕು.

ಚೆನ್ನೈಯಲ್ಲಿ ಆರಂಭ ಹೇಗೆ?

ಗುರಿ ಹೊಡೆಯುವ ಆಸೆ ಇದ್ದವರು ನಿರಾಶರಾಗಬೇಕಾಗಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರಿಗಿಂತ ದಪ್ಪವಲ್ಲದ, 20 ಜೂಲ್ ಶಕ್ತಿ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಡ. ಸ್ಪರ್ಧೆಗೆ ಬಳಸುವ ಏರ್ ರೈಫಲ್‌ಗಳು ಈ ಮಿತಿಗಿಂತ ಎಷ್ಟೋ ಕೆಳಗಿವೆ. ಹಾಗೆಂದು ಟೆರೇಸಿನ ಮೇಲೆ ಕಾಗೆ, ಪಾರಿವಾಳಗಳಿಗೆ ಗುರಿಯಿಡುವುದು ಕ್ರೀಡೆಯೂ ಅಲ್ಲ, ನ್ಯಾಯವೂ ಅಲ್ಲ.

ಕ್ರೀಡೆಗೆ ಕ್ಲಬ್ಬೇ ಸರಿಯಾದ ದಾರಿ. ನಗರದಲ್ಲಿ ಚೆನ್ನೈ ರೈಫಲ್ ಕ್ಲಬ್ ಇದೆ. ರಾಜ್ಯ ಮಟ್ಟದಲ್ಲಿ ತಮಿಳುನಾಡು ಶೂಟಿಂಗ್ ಅಸೋಸಿಯೇಷನ್ ಇದೆ. ರಾಷ್ಟ್ರೀಯ ರೈಫಲ್ ಸಂಸ್ಥೆ 1951ರಲ್ಲಿ ಆರಂಭವಾಯಿತು. ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ ಅದರ ಸ್ಥಾಪಕರು. ವೇಳಚೇರಿಯ ಗುರುನಾನಕ್ ಕಾಲೇಜಿನ ಶೂಟಿಂಗ್ ರೇಂಜಿನಲ್ಲಿ 2024ರ ಜನವರಿಯಲ್ಲಿ ಖೇಲೋ ಇಂಡಿಯಾ ಯುವ ಕ್ರೀಡಾಕೂಟದ ಸ್ಪರ್ಧೆಗಳು ನಡೆದವು. ಬಂದೂಕಿನ ಲೈಸೆನ್ಸ್ ಪಡೆಯಲು 21 ವರ್ಷ ತುಂಬಿರಬೇಕು. ಎಳೆಯರ ತರಬೇತಿಗೆ ನಿಯಮಗಳಲ್ಲಿ ಬೇರೆ ಅವಕಾಶವಿದೆ. ಚೆನ್ನೈ ನಗರದಲ್ಲಿ ಲೈಸೆನ್ಸ್ ಕೊಡುವವರು ಪೊಲೀಸ್ ಕಮಿಷನರ್. ಟ್ರ್ಯಾಪ್ ಅಥವಾ ದೊಡ್ಡ ಬೋರಿನ ಸ್ಪರ್ಧೆಯಲ್ಲಿ ಪಳಗಿ, ನಿಜವಾಗಿಯೂ ತೋಟೆ ತುಂಬುವ ಅಗತ್ಯ ಬಿದ್ದವರು ಒಂದು ಯಂತ್ರವನ್ನೂ ಕೊಳ್ಳುವ ಮೊದಲೇ ಕ್ಲಬ್ಬಿನ ಮೂಲಕ ಆ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಉತ್ತರವನ್ನೂ ಲಿಖಿತವಾಗಿಯೇ ಪಡೆಯಬೇಕು. ಬಾಯಿಮಾತಿನ ಭರವಸೆ ಸಾಲದು.

ಅಲ್ಲಿಯವರೆಗೆ ಕೈಗೆ ಕೆಲಸ ಬೇಕೆನ್ನುವವರಿಗೆ ಏರ್ ರೈಫಲ್ಲಿನಲ್ಲೇ ಬೇಕಾದಷ್ಟಿದೆ. ಪೆಲೆಟ್‌ಗಳು ನೋಡಲು ಒಂದೇ ತರಹ ಇದ್ದರೂ 4.49, 4.50, 4.51 ಮಿಲಿಮೀಟರ್ ಎಂದು ಕೂದಲೆಳೆಯ ವ್ಯತ್ಯಾಸದಲ್ಲಿ ಬರುತ್ತವೆ. ನಮ್ಮ ನಳಿಗೆಗೆ ಯಾವುದು ಒಗ್ಗುತ್ತದೆ ಎಂದು ಹೊಡೆದು ನೋಡಬೇಕು. ಒಂದು ಡಬ್ಬಿಯ ಪೆಲೆಟ್‌ಗಳನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಅಂಚು ಮುರಿದದ್ದನ್ನು, ತೂಕ ತಪ್ಪಿದ್ದನ್ನು ಬೇರ್ಪಡಿಸುವ ಹವ್ಯಾಸಿಗಳಿದ್ದಾರೆ. ಅಕ್ಕಿ ಆರಿಸಿದ ಕೈಗಳಿಗೆ ಇದು ಕಷ್ಟವೇನಲ್ಲ. ಪೆಲೆಟ್ ಇಲ್ಲದೆ ಬರಿದೆ ಗುರಿಹಿಡಿದು ಕುದುರೆ ಎಳೆಯುವ ಅಭ್ಯಾಸವನ್ನು ಮನೆಯಲ್ಲೇ ಮಾಡಬಹುದು, ಆದರೆ ಬಂದೂಕು ಖಾಲಿಯಿದೆ ಎಂದು ಎರಡು ಬಾರಿ ನೋಡಿದ ಮೇಲೆಯೇ. 10 ಮೀಟರ್ ದೂರದ ಏರ್ ರೈಫಲ್ ಗುರಿಯಲ್ಲಿ 10 ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್ ಮಾತ್ರ. 60 ಗುಂಡುಗಳಿಗೆ ಸಮಯ 1 ಗಂಟೆ 15 ನಿಮಿಷ. ಒಂದು ಗುಂಡಿಗೆ ಗರಿಷ್ಠ 10.9 ಅಂಕ. ಅಲ್ಲಿ ಪಂಥ ನಮ್ಮ ಉಸಿರಿನೊಂದಿಗೇ.

ನಮ್ಮವರ ಸಾಧನೆ

ವಯಸ್ಸಾಯಿತು ಎನ್ನುವವರು ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರನ್ನು ನೆನೆಯಬಹುದು. ಕೆನಡಾದಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ಅವರು 2009ರಲ್ಲಿ ತಾಯ್ನಾಡಿಗೆ ಮರಳಿದರು. ತಂದೆ ಪಾಪಣ್ಣ ಅವರೂ ಶೂಟರ್. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್ಪಿನ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಕಂಚು ಗೆದ್ದಾಗ ನಂಜಪ್ಪ ಅವರ ವಯಸ್ಸು ಮೂವತ್ತೈದು ದಾಟಿತ್ತು. ಅದೇ ವರ್ಷ ಮುಖದ ಪಾರ್ಶ್ವವಾಯು ಬಾಧಿಸಿದರೂ ಧೃತಿಗೆಡದೆ 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದರು. ಬೆಂಗಳೂರಿನವರೇ ಆದ ಟಿ.ಎಸ್. ದಿವ್ಯಾ 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನಲ್ಲಿ 2 ಬೆಳ್ಳಿ ಪದಕಗಳ ತಂಡಗಳಲ್ಲಿದ್ದರು. ಅದೇ ಕೂಟದ ಪುರುಷರ ಟ್ರ್ಯಾಪ್ ತಂಡದ ಚಿನ್ನದಲ್ಲಿ ತಮಿಳುನಾಡಿನ ಪುದುಕೋಟ್ಟೈ ರಾಜಮನೆತನದ ಪೃಥ್ವಿರಾಜ್ ತೊಂಡೈಮಾನ್ ಪಾಲುದಾರರು. ಈ ಇಬ್ಬರು ಕನ್ನಡಿಗರೂ ಹೆಸರು ಮಾಡಿದ್ದು ಮದ್ದಿಲ್ಲದ ಪಿಸ್ತೂಲಿನಲ್ಲಿ ಎಂಬುದು ಗಮನಾರ್ಹ.

ಟಿ. ನಗರದಿಂದ ಐನಾವರಂವರೆಗೆ ಹರಡಿರುವ ನಮ್ಮ ಸಂಘಗಳಿಗೂ ಇಲ್ಲೊಂದು ಕೆಲಸವಿದೆ. ವಾರ್ಷಿಕ ಕ್ರೀಡಾಕೂಟದಲ್ಲಿ ನಿಂಬೆಹಣ್ಣು–ಚಮಚ, ಸಂಗೀತ ಕುರ್ಚಿಯ ಜೊತೆಗೆ ಕ್ಲಬ್ಬಿನ ತರಬೇತುದಾರರ ಮೇಲ್ವಿಚಾರಣೆಯಲ್ಲಿ ಏರ್ ರೈಫಲ್ ಗುರಿ ಸ್ಪರ್ಧೆಯನ್ನೂ ಸೇರಿಸಬಹುದು. ಶಸ್ತ್ರಾಸ್ತ್ರ ಕಾಯ್ದೆ ಬಲ್ಲ ವಕೀಲರೊಬ್ಬರನ್ನು ಕರೆಸಿ ಸದಸ್ಯರ ಸಂದೇಹಗಳಿಗೆ ಒಂದು ಭಾನುವಾರ ಮೀಸಲಿಡಬಹುದು. ಊರಿನಲ್ಲಿ ಅಜ್ಜನ ಕೋವಿ, ತೋಟೆ ಇರುವ ಸದಸ್ಯರು ಮುಂದಿನ ರಜೆಗೆ ಹೋದಾಗ ಮೊದಲು ಲೈಸೆನ್ಸ್ ಪುಸ್ತಕ ಯಾರ ಹೆಸರಿನಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ, ಪೆಟ್ಟಿಗೆಯಲ್ಲಿ ಏನೇನಿದೆ ಎಂಬ ಮೂರು ವಿಷಯಗಳನ್ನು ನೋಡಿಕೊಂಡು ಬರಲಿ. ಹವ್ಯಾಸ ಆಮೇಲಿನ ಮಾತು.